ಕಟ್ಟಿಹಾಕಿದರೂ ಕೆಲಸ ಬಿಡದ ಹರಳು

ಕರಗಬೇಕಿತ್ತು. ಕರಗಲೇ ಇಲ್ಲ!

1964ನೇ ಇಸವಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ. ಫಿಲಿಪೀನ್ಸ್‌ನಿಂದ ಬಂದ ಪಿಎಚ್.ಡಿ. ವಿದ್ಯಾರ್ಥಿ ಫ್ಲೊರಾಂಟೆ ಕಿಯೋಚೊ, ಅವರ ಗುರು ಫ್ರೆಡರಿಕ್ ರಿಚರ್ಡ್ಸ್. ಇಬ್ಬರ ಮುಂದೆ ಕಾರ್ಬಾಕ್ಸಿಪೆಪ್ಟಿಡೇಸ್-ಎ ಎಂಬ, ಹೇಳುವಷ್ಟರಲ್ಲಿ ನಾಲಿಗೆ ಗಂಟು ಬೀಳುವ ಹೆಸರಿನ ಕಿಣ್ವದ ಪುಟ್ಟ ಹರಳುಗಳು. ದನದ ಮೇದೋಜೀರಕ ಗ್ರಂಥಿಯಿಂದ ತೆಗೆಯುವ ಈ ಕಿಣ್ವದ ಕಸುಬೇ ಕತ್ತರಿಸುವುದು. ಪ್ರೊಟೀನಿನ ಸರವನ್ನು ಬಾಲದ ತುದಿಯಿಂದ ಹಿಡಿದು ಒಂದೊಂದೇ ಮಣಿ ಉದುರಿಸುತ್ತ ಹೋಗುತ್ತದೆ. ಅದರ ಹರಳನ್ನು ಗಾಢ ಉಪ್ಪುನೀರಿಗೆ ಹಾಕಿದರೆ ಕಲ್ಲುಸಕ್ಕರೆಯಂತೆ ಕರಗಿ ಮಾಯವಾಗುತ್ತದೆ. ಇವರು ಮಾಡಿದ್ದಿಷ್ಟೇ: ಹರಳುಗಳನ್ನು ಮೊದಲು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ನೆನೆಹಾಕಿದರು. ಆಮೇಲೆ ಉಪ್ಪುನೀರು. ಹರಳು ಅಲ್ಲಾಡಲಿಲ್ಲ. ಇದ್ದಲ್ಲೇ ಇತ್ತು, ಇದ್ದ ಹಾಗೇ ಇತ್ತು.

ಎಕ್ಸ್-ರೇ ಹಾಯಿಸಿ ನೋಡಿದರು. ಒಳಗಿನ ಅಣುಗಳ ಸಾಲು ಕದಡಿಹೋಗಿದ್ದರೆ ಫಿಲ್ಮಿನ ಮೇಲೆ ಬೀಳುವ ಚುಕ್ಕಿಗಳ ರಂಗೋಲಿಯೂ ಅಳಿಸಿಹೋಗಬೇಕಿತ್ತಲ್ಲ? ಚುಕ್ಕಿಗಳು ತಮ್ಮ ತಮ್ಮ ಜಾಗದಲ್ಲೇ ಇದ್ದವು.

ಇನ್ನು ಉಳಿದದ್ದು ಒಂದೇ ಪ್ರಶ್ನೆ. ಹೀಗೆ ಕೈಕಾಲು ಕಟ್ಟಿಸಿಕೊಂಡು ಕೂತಿರುವ ಕಿಣ್ವ ಸತ್ತಿದೆಯೋ, ಬದುಕಿದೆಯೋ? ಕತ್ತರಿಸಲು ಬೇಕಾದ ಸಾಮಗ್ರಿಯನ್ನು ಮುಂದಿಟ್ಟರು.

ಕತ್ತರಿಸಿತು!

ಕರಗಿದ ಕಿಣ್ವದಷ್ಟು ಚುರುಕಾಗಿ ಅಲ್ಲ, ನಿಜ. ಆದರೂ ಕತ್ತರಿಸಿತು. ಕರಗದ, ಕದಲದ, ಸೋಸಿ ತೆಗೆದು ತೊಳೆದು ಮತ್ತೆ ಕೆಲಸಕ್ಕೆ ಹಚ್ಚಬಹುದಾದ ಒಂದು ಹರಳು, ಹೊಟ್ಟೆಯೊಳಗಿನ ಜೀರ್ಣಕ್ರಿಯೆಯ ಒಂದು ಹೆಜ್ಜೆಯನ್ನು ಗಾಜಿನ ಕೊಳವೆಯಲ್ಲಿ ನಡೆಸುತ್ತಿತ್ತು. ಆ ಪ್ರಬಂಧದ ತಣ್ಣನೆಯ ಶೀರ್ಷಿಕೆಯನ್ನು ನೋಡಿದರೆ ಒಳಗೆ ಇಂಥ ಅದ್ಭುತವಿದೆಯೆಂದು ಯಾರೂ ಊಹಿಸಲಾರರು. ವಿಜ್ಞಾನಿಗಳಿಗೆ ಶೀರ್ಷಿಕೆ ಕೊಡಲು ಬರುವುದಿಲ್ಲ, ಬಿಡಿ.

ಇದರಲ್ಲೇನು ಮಹಾ ಎನ್ನುವವರು ಗಿಣ್ಣನ್ನು ನೆನೆಸಿಕೊಳ್ಳಿ. ಹಸು ಕರು ಹಾಕಿದ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ನಡುಗುವ ಗಿಣ್ಣು ಸಿದ್ಧ. ಮಾಮೂಲಿ ಹಾಲು ಕುದಿಸಿದರೆ ಹಾಗೆ ಗಟ್ಟಿಯಾಗುವುದಿಲ್ಲ, ಗಿಣ್ಣುಹಾಲು ಮಾತ್ರ ಆಗುತ್ತದೆ. ಕಾರಣ, ಕರುವಿಗೆ ರೋಗದಿಂದ ಕಾವಲಾಗಲೆಂದು ತಾಯಿ ತುಂಬಿ ಕೊಟ್ಟ ಪ್ರತಿಕಾಯಗಳು ಅದರಲ್ಲಿ ಕಿಕ್ಕಿರಿದಿರುತ್ತವೆ. ಪ್ರತಿಕಾಯ ಎಂದರೂ ಪ್ರೊಟೀನೇ. ಅಮೈನೊ ಆಮ್ಲದ ನೂರಾರು ಮಣಿಗಳ ಸರ ತನ್ನಷ್ಟಕ್ಕೆ ತಾನೇ ಮಡಿಚಿಕೊಂಡು, ಸುತ್ತಿಕೊಂಡು, ಒಂದು ನಿರ್ದಿಷ್ಟ ಆಕಾರಕ್ಕೆ ಬಂದಿರುತ್ತದೆ. ಅದರ ಕೆಲಸವೆಲ್ಲ ಆ ಆಕಾರದಲ್ಲಿದೆ. ಹಬೆ ತಾಗಿತೋ, ಸುರುಳಿ ಬಿಚ್ಚುತ್ತದೆ. ಬಿಚ್ಚಿದ ಸರಗಳು ಒಂದರೊಳಗೊಂದು ತೊಡರಿ ಬಲೆಯಾಗುತ್ತವೆ, ಬಲೆಯೊಳಗೆ ನೀರು ಸಿಕ್ಕಿ ಗಿಣ್ಣಾಗುತ್ತದೆ. ನಮಗೆ ರುಚಿ ಸಿಕ್ಕಿತು, ಕರುವಿನ ಕಾವಲು ಹೋಯಿತು.

ಈ ಮಡಿಕೆ ಎಷ್ಟು ನಾಜೂಕು ಗೊತ್ತೆ? ಮಡಿಚಿದ ಸ್ಥಿತಿಗೂ ಬಿಚ್ಚಿದ ಸ್ಥಿತಿಗೂ ನಡುವಿನ ಶಕ್ತಿಯ ಅಂತರ ಸಾಮಾನ್ಯವಾಗಿ ಮೋಲ್ ಒಂದಕ್ಕೆ 5ರಿಂದ 15 ಕಿಲೋಕ್ಯಾಲೊರಿ. ಸಾವಿರಾರು ಪರಮಾಣುಗಳ ಆ ಭವ್ಯ ಕಟ್ಟಡ ನಿಂತಿರುವುದು ಬೆರಳೆಣಿಕೆಯ ದುರ್ಬಲ ಬಂಧಗಳಷ್ಟು ಲಾಭದ ಮೇಲೆ! ಬದುಕು ಇಷ್ಟು ಕಡಿಮೆ ಬಂಡವಾಳದಲ್ಲಿ ನಡೆಯುತ್ತಿದೆಯೆಂದು ಮೊದಲ ಸಲ ಓದಿದ ದಿನ ನನಗೆ ಸ್ವಲ್ಪ ಹೆದರಿಕೆಯೇ ಆಗಿತ್ತು.

ಗಿಣ್ಣಿನಲ್ಲೂ ಪ್ರೊಟೀನುಗಳು ಒಂದಕ್ಕೊಂದು ಕಟ್ಟಿಕೊಂಡವು, ಯೇಲ್‌ನ ಹರಳಿನಲ್ಲೂ ಕಟ್ಟಿಕೊಂಡವು. ಒಂದು ಸತ್ತಿತು, ಒಂದು ಬದುಕಿತು. ವ್ಯತ್ಯಾಸ ಇರುವುದು ಹೊತ್ತಿನಲ್ಲಿ. ಗಿಣ್ಣಿನಲ್ಲಿ ಬಿಚ್ಚಿದ ಮೇಲೆ ಕಟ್ಟು ಬಿತ್ತು. ಹರಳಿನಲ್ಲಿ ಬಿಚ್ಚುವ ಮುಂಚೆ.

ಕಿಣ್ವ ಹರಳುಗಟ್ಟುತ್ತದೆ ಎನ್ನುವುದನ್ನೇ ಒಂದು ಕಾಲಕ್ಕೆ ದೊಡ್ಡವರು ನಂಬಲಿಲ್ಲ. 1926ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಸಮ್ನರ್ ಒಂದು ಬಗೆಯ ಅವರೆಯ ಹಿಟ್ಟಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಟ್ಟಿಸಿ, ಕಿಣ್ವವೆಂದರೆ ಪ್ರೊಟೀನು ಎಂದು ಸಾರಿದರು. ಎಡಚರಾಗಿದ್ದ ಅವರು ಹದಿಹರೆಯದಲ್ಲಿ ಬೇಟೆಯ ಅವಘಡದಲ್ಲಿ ಎಡಗೈಯನ್ನೇ ಕಳೆದುಕೊಂಡಿದ್ದರು. ಒಂದೇ ಕೈಯಲ್ಲಿ ಗಾಜಿನ ಸಾಮಾನು ಹಿಡಿದು ಮಾಡಿದ ಕೆಲಸ ಅದು. ಜರ್ಮನಿಯ ಘಟಾನುಘಟಿಗಳು ತಲೆಯಾಡಿಸಲಿಲ್ಲ. ನೊಬೆಲ್ ಬರಲು ಇಪ್ಪತ್ತು ವರ್ಷ ಹಿಡಿಯಿತು.

ಪ್ರೊಟೀನಿನ ಹರಳು ಉಪ್ಪಿನ ಹರಳಿನಂಥದ್ದಲ್ಲ. ಅದರ ಹೆಚ್ಚುಕಡಿಮೆ ಅರ್ಧ ಬರೀ ನೀರು! ಉರುಟಾದ ಅಣುಗಳು ಸಾಲಾಗಿ ಪೇರಿಸಿಕೊಂಡಾಗ ನಡುನಡುವೆ ಸಂದಿಗಳು ಉಳಿಯುತ್ತವೆ. ಮಾರುಕಟ್ಟೆಯಲ್ಲಿ ಗೋಪುರದಂತೆ ಪೇರಿಸಿಟ್ಟ ಕಿತ್ತಳೆಗಳ ನಡುವೆ ಗಾಳಿ ಆಡುವುದಿಲ್ಲವೆ, ಹಾಗೆ. ಆ ಸಂದಿಗಳಲ್ಲಿ ನೀರು ಹರಿದಾಡುತ್ತದೆ, ಸಣ್ಣ ಅಣುಗಳು ಒಳಗೆ ಹೋಗಿ ಬರುತ್ತವೆ. ಹಾಗಾಗಿಯೇ ಗ್ಲುಟರಾಲ್ಡಿಹೈಡ್ ಹರಳಿನ ಒಡಲಿಗಿಳಿಯಿತು. ಹಾಗಾಗಿಯೇ ಕತ್ತರಿಸಬೇಕಾದ ಸಾಮಗ್ರಿಯೂ ಒಳಗೆ ಹೋಗಿ, ತುಂಡಾಗಿ, ಹೊರಗೆ ಬಂತು. ದೊಡ್ಡ ಹರಳಿನಲ್ಲಿ ವೇಗ ಕಡಿಮೆ. ನಡುಮನೆಯವರೆಗೆ ಓಣಿಗಳಲ್ಲಿ ನಡೆದುಹೋಗಲು ಹೊತ್ತು ಬೇಕಲ್ಲ.

ಹರಳಿನೊಳಗಿನ ಪ್ರೊಟೀನು ಅಲ್ಲಾಡಬಲ್ಲದೆ? 1938ರಲ್ಲಿ ಪ್ರಾಗ್ ನಗರದಲ್ಲಿ ಫೆಲಿಕ್ಸ್ ಹೌರೊವಿಟ್ಸ್ ಸೂಕ್ಷ್ಮದರ್ಶಕದಡಿ ಹಿಮೋಗ್ಲೋಬಿನ್ ಹರಳುಗಳನ್ನು ನೋಡುತ್ತಿದ್ದಾಗ ಗಾಳಿಯ ಆಮ್ಲಜನಕ ತಾಗಿ ಹರಳುಗಳು ಅವರ ಕಣ್ಣೆದುರೇ ಒಡೆದು ಬೇರೆ ಆಕಾರ ತಳೆದವು. ಉಸಿರೆಳೆದುಕೊಂಡ ಹರಳು! ಅಷ್ಟು ದೊಡ್ಡ ಮೈಮುರಿತವನ್ನು ಹರಳು ತಾಳಲಾರದು. ಆದರೆ ನಮ್ಮ ಕಾರ್ಬಾಕ್ಸಿಪೆಪ್ಟಿಡೇಸ್ ಜಾಣ. ಹಾರ್ವರ್ಡ್‌ನ ವಿಲಿಯಂ ಲಿಪ್ಸ್‌ಕಂಬ್ ತಂಡ 1967ರಲ್ಲಿ ಅದರ ರಚನೆಯನ್ನು ಬಿಡಿಸಿ ನೋಡಿದಾಗ ಕಂಡದ್ದು: ಬೇಟೆ ಒಳಗೆ ಬಂದಾಗ ಅದರ 307 ಮಣಿಗಳ ಪೈಕಿ 248ನೆಯದೊಂದು ಬಾಗಿಲು ಮುಚ್ಚುವಂತೆ ಬಾಗುತ್ತದೆ. ಮೈಯೆಲ್ಲ ಕಟ್ಟಿದ್ದರೇನು, ಒಂದು ಬೆರಳು ಮಡಿಚಲು ಬಂದರೆ ಕೆಲಸ ನಡೆದೀತು.

ರಿಚರ್ಡ್ಸ್ ಅವರಿಗೆ ಈ ಹುಚ್ಚು ಹೊಸದೇನಲ್ಲ. 1963ರಲ್ಲೇ ಅವರು ಮೆರಿಲಿನ್ ಡಾಷರ್ ಜೊತೆಗೂಡಿ, ಇನ್ನೊಂದು ಕಿಣ್ವ ಹರಳಿನೊಳಗೂ ಕೆಲಸ ಮಾಡುತ್ತದೆಂದು ತೋರಿಸಿದ್ದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಎಕ್ಸ್-ರೇಯಿಂದ ಕಷ್ಟಪಟ್ಟು ಬಿಡಿಸುತ್ತಿದ್ದ ಆಕಾರ ನಿಜವಾಗಿ ಜೀವಕೋಶದಲ್ಲಿರುವ ಆಕಾರವೇ, ಅಥವಾ ಹರಳುಗಟ್ಟಿದ ಹೆಣದ್ದೇ ಎಂಬ ಅನುಮಾನ ಎಲ್ಲರನ್ನೂ ಕಾಡುತ್ತಿತ್ತು. ಹರಳು ದುಡಿಯುತ್ತಿದೆ ಎಂದಾದರೆ ಅದು ಹೆಣವಲ್ಲ!

ಈಗ ಆ ಗ್ಲುಟರಾಲ್ಡಿಹೈಡಿನ ಕತೆಗೆ ಬನ್ನಿ. ಐದು ಇಂಗಾಲದ ಗಿಡ್ಡ ಸರಪಳಿ, ಎರಡು ತುದಿಗಳಲ್ಲೂ ಒಂದೊಂದು ಕೊಕ್ಕೆ. ಪ್ರೊಟೀನಿನ ಮೈಮೇಲೆ ಲೈಸೀನ್ ಎಂಬ ಮಣಿಗಳು ಉದ್ದನೆಯ ಕೈ ಚಾಚಿಕೊಂಡಿರುತ್ತವೆ. ಒಂದು ಕೊಕ್ಕೆ ಈ ಅಣುವಿನ ಲೈಸೀನನ್ನು ಹಿಡಿಯಿತು, ಇನ್ನೊಂದು ಪಕ್ಕದ ಅಣುವಿನ ಲೈಸೀನನ್ನು. ಅಡ್ಡಕೊಂಡಿ ಬಿತ್ತು. ಆಸ್ಪತ್ರೆಯಲ್ಲಿ ಎಂಡೋಸ್ಕೋಪಿನ ಕೊಳವೆಯನ್ನು ಕ್ರಿಮಿಮುಕ್ತ ಮಾಡಲು ಮುಳುಗಿಸಿಡುವ, ಮೂಗಿಗೆ ಚುಚ್ಚುವ ವಾಸನೆಯ ದ್ರಾವಣ ಇದೇ. ಕ್ರಿಮಿಗಳ ಪ್ರೊಟೀನುಗಳನ್ನು ಕಟ್ಟಿಹಾಕಿಯೇ ಅದು ಕೊಲ್ಲುತ್ತದೆ. ಕೊಲ್ಲಲೆಂದು ಬಳಸುವ ವಸ್ತು ಕಿಣ್ವವನ್ನು ಉಳಿಸುತ್ತದೆಂದರೆ!

ಅದನ್ನು ಮೊದಲು ಗಮನಿಸಿದ್ದೂ ಯೇಲ್‌ನವರೇ. ಅರ್ಜೆಂಟೀನಾದಿಂದ ಬಂದಿದ್ದ ಡೇವಿಡ್ ಸಬಾಟಿನಿ, ಕ್ಲಾಸ್ ಬೆನ್ಶ್, ರಸೆಲ್ ಬಾರ್ನೆಟ್ ಮೂವರೂ ಸೇರಿ 1963ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆಂದು ಅಂಗಾಂಶವನ್ನು ಕೆಡದಂತೆ ಹಿಡಿದಿಡಲು ಬೇರೆ ಬೇರೆ ಆಲ್ಡಿಹೈಡುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಗ್ಲುಟರಾಲ್ಡಿಹೈಡ್ ಗೆದ್ದಿತು: ಕೋಶದ ಒಳಚಿತ್ರ ಅಚ್ಚುಕಟ್ಟಾಗಿ ಉಳಿಯಿತು, ಜೊತೆಗೆ ಹಲವು ಕಿಣ್ವಗಳ ಕೆಲಸವೂ ಉಳಿಯಿತು. ಒಂದೇ ವಿಶ್ವವಿದ್ಯಾಲಯ, ಒಂದೇ ವರ್ಷದ ಅಂತರ.

ಅಂದಹಾಗೆ, ಅರ್ಧ ಶತಮಾನ ದಾಟಿದರೂ ಗ್ಲುಟರಾಲ್ಡಿಹೈಡ್ ನೀರಿನಲ್ಲಿ ನಿಖರವಾಗಿ ಯಾವ ರೂಪದಲ್ಲಿದ್ದು ಪ್ರೊಟೀನನ್ನು ಹಿಡಿಯುತ್ತದೆ ಎಂಬ ಬಗ್ಗೆ ರಸಾಯನಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಅದು ನೀರಿನಲ್ಲಿ ಉಂಗುರವಾಗುತ್ತದೆ, ತನ್ನನ್ನೇ ತಾನು ಹಿಡಿದು ಉದ್ದ ಸರಪಳಿಯಾಗುತ್ತದೆ, ಇವೆಲ್ಲ ಏಕಕಾಲಕ್ಕೆ ಒಂದೇ ಪಾತ್ರೆಯಲ್ಲಿ ಇರುತ್ತವೆ. ಬಹುಶಃ ಆ ಗಡಿಬಿಡಿಯೇ ಅದರ ಬಲ. ಎರಡು ಕೈಗಳ ನಡುವೆ ಎಷ್ಟು ದೂರವಿದ್ದರೂ ಅಷ್ಟಕ್ಕೆ ಸರಿಹೊಂದುವ ಒಂದು ಉದ್ದ ಅದರ ಬಳಿ ಇರುತ್ತದೆ.

ಹಾಗಿದ್ದರೆ ಕೆಲಸ ಉಳಿಯುವುದು ಹೇಗೆ? ಲೈಸೀನುಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ, ಕಿಣ್ವ ಕೆಲಸ ಮಾಡುವ ಬಾಯಿ ಒಳಗಿನ ಗುಳಿಯಲ್ಲಿರುತ್ತದೆ. ಹೊರಗೆ ಹಗ್ಗ ಬಿಗಿದರೂ ಬಾಯಿ ತೆರೆದೇ ಇರುತ್ತದೆ. ಕೆಲವರು ಇನ್ನೂ ಜಾಣತನ ಮಾಡುತ್ತಾರೆ. ಕಟ್ಟುವ ಮುಂಚೆ ಕಿಣ್ವದ ಬಾಯಿಗೆ ಅದಕ್ಕೆ ಒಗ್ಗುವ ಒಂದು ತುತ್ತನ್ನು ತುರುಕಿ, ಕಟ್ಟಿ ಮುಗಿದ ಮೇಲೆ ತೊಳೆದು ತೆಗೆಯುತ್ತಾರೆ. ಕೊಂಡಿ ಬಾಯಿಯೊಳಗೆ ಬೀಳುವ ಭಯವಿಲ್ಲ. ಕಟ್ಟು ಕಡಿಮೆಯಾದರೆ ಬಿಚ್ಚಿಹೋಗುತ್ತದೆ, ಹೆಚ್ಚಾದರೆ ಉಸಿರುಕಟ್ಟುತ್ತದೆ. ಬೆಲ್ಲದ ಪಾಕದ ಹಾಗೆ, ಬಿತ್ತನೆಯ ಹೊಲದ ಹಾಗೆ, ಎಲ್ಲ ಇರುವುದು ಹದದಲ್ಲಿ.

ಹದ! ನಮ್ಮ ಭಾಷೆಯಲ್ಲಿ ತೊಗಲನ್ನು ಚರ್ಮವಾಗಿಸುವುದಕ್ಕೂ ಹದ ಮಾಡುವುದು ಎಂದೇ ಹೆಸರು. ತಂಗಡಿ ಗಿಡದ ತೊಗಟೆ ನೆನೆಸಿದ ನೀರಿನಲ್ಲಿ ತೊಗಲನ್ನು ವಾರಗಟ್ಟಲೆ ಇಟ್ಟು ಹದ ಮಾಡುತ್ತಿದ್ದವರು ಮಾಡುತ್ತಿದ್ದುದೂ ಇದೇ ಕೆಲಸ. ತೊಗಟೆಯ ಒಗರು, ತೊಗಲಿನ ಕೊಲಾಜೆನ್ ಎಳೆಗಳನ್ನು ಹತ್ತಾರು ಕಡೆ ಹಿಡಿದು ಬೆಸೆಯುತ್ತದೆ. ಗ್ಲುಟರಾಲ್ಡಿಹೈಡಿನ ಕೊಂಡಿಯಷ್ಟು ಗಟ್ಟಿಯ ಬಂಧಗಳಲ್ಲ ಅವು, ಆದರೆ ಸಂಖ್ಯೆಯಲ್ಲಿ ಹೇರಳ. ಹಸಿ ತೊಗಲು 60–65 ಡಿಗ್ರಿಯ ಬಿಸಿನೀರಿಗೇ ಮುದುಡಿಹೋಗುತ್ತದೆ. ಕ್ರೋಮ್ ಹಾಕಿ ಹದ ಮಾಡಿದ್ದು ಕುದಿನೀರಿಗೂ ಜಗ್ಗುವುದಿಲ್ಲ. ಆ ಕೊಲಾಜೆನ್ ಮೂರೆಳೆಯ ಹುರಿ ಎಂದು 1954ರಲ್ಲಿ ಮದ್ರಾಸಿನಲ್ಲಿ ಕಂಡುಕೊಂಡವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕಟ್ಟಿದ ವಿಭಾಗದಲ್ಲೇ, 1989ರಲ್ಲಿ ಸೌಧಾಮಿನಿ, ಬಾಲರಾಂ ಮತ್ತು ಸಂಗಡಿಗರು, ಪ್ರೊಟೀನಿನಲ್ಲಿ ಗಂಧಕದ ಜೋಡಿಕೊಂಡಿಯನ್ನು ಹೊಸದಾಗಿ ಎಲ್ಲಿ ಹಾಕಿದರೆ ಆಕಾರ ಕೆಡದೆ ಗಟ್ಟಿಯಾದೀತು ಎಂದು ಲೆಕ್ಕಹಾಕುವ ವಿಧಾನವನ್ನು ಪ್ರಕಟಿಸಿದರು. ಕಟ್ಟುವ ಮುಂಚೆ ಗಂಟು ಎಲ್ಲಿ ಎಂದು ಕೇಳಿದವರು ಅವರು.

ಈ ಸಾಲನ್ನು ಓದುತ್ತಿರುವ ನಿಮ್ಮ ಮೈಯಲ್ಲೂ ಇಂಥ ಕಟ್ಟಿಹಾಕಿದ ಪ್ರೊಟೀನು ಒಮ್ಮೆ ಹೊಕ್ಕಿರುವ ಸಾಧ್ಯತೆ ಬಹಳ. ಎಳೆಯದರಲ್ಲಿ ತೊಡೆಗೆ ಚುಚ್ಚಿಸಿಕೊಂಡ ಡಿಪಿಟಿ ನೆನಪಿಲ್ಲದಿರಬಹುದು, ಅಮ್ಮನಿಗೆ ನೆನಪಿರುತ್ತದೆ. ಅದರ 'ಡಿ' ಡಿಫ್ತೀರಿಯಾ, ಅಂದರೆ ಗಂಟಲಮಾರಿ. ಅದರ ವಿಷ ಒಂದು ಪ್ರೊಟೀನು. 1923ರಲ್ಲಿ ಫ್ರಾನ್ಸಿನ ಪಾಶ್ಚರ್ ಸಂಸ್ಥೆಯ ಗಾಸ್ತೋಂ ರಾಮೋಂ ಆ ವಿಷಕ್ಕೆ ತುಸು ಫಾರ್ಮಲಿನ್ ಬೆರೆಸಿ ಬೆಚ್ಚಗಿಟ್ಟರು. ವಾರಗಳು ಕಳೆದಂತೆ ವಿಷದ ಹಲ್ಲು ಉದುರಿತು. ಮುಖ ಮಾತ್ರ ಹಾಗೇ ಉಳಿಯಿತು! ನಮ್ಮ ರಕ್ಷಣಾ ಪಡೆ ಆ ಮುಖವನ್ನು ಗುರುತಿಟ್ಟುಕೊಳ್ಳುತ್ತದೆ, ಮುಂದೆ ನಿಜವಾದ ಕಳ್ಳ ಬಂದಾಗ ಹಿಡಿಯುತ್ತದೆ. ಯಾವ ಕೆಲಸ ಹೋಗಬೇಕು, ಯಾವುದು ಉಳಿಯಬೇಕು ಎಂದು ಫಾರ್ಮಲಿನ್ನಿಗೆ ಹೇಳಿಕೊಟ್ಟವರು ಯಾರು?

ಹೃದಯದ ಕವಾಟದ ಕತೆಯೂ ಹೀಗೇ ರೋಮಾಂಚಕ. ಲೋಹ, ಪ್ಲಾಸ್ಟಿಕ್ಕಿನ ಕವಾಟಗಳ ಮೇಲೆ ರಕ್ತ ಹೆಪ್ಪುಗಟ್ಟುತ್ತಿತ್ತು. 1965ರಲ್ಲಿ ಪ್ಯಾರಿಸ್ಸಿನ ಅಲೇನ್ ಕಾರ್ಪೆಂತಿಯೆ ಮತ್ತು ಸಂಗಡಿಗರು ಹಂದಿಯ ಕವಾಟವನ್ನು ಮನುಷ್ಯನ ಹೃದಯಕ್ಕೆ ಹೊಲಿದರು. ಅಂಥ ಕವಾಟಗಳು ಹೆಚ್ಚು ದಿನ ಬಾಳಲಿಲ್ಲ. ಪರಕೀಯ ಮಾಂಸವನ್ನು ಶರೀರ ತಿಂದುಹಾಕುತ್ತಿತ್ತು. ಶಸ್ತ್ರವೈದ್ಯರಾದ ಕಾರ್ಪೆಂತಿಯೆ ರಸಾಯನಶಾಸ್ತ್ರ ಕಲಿಯಲು ಹೊರಟರು. ಬೇರೆ ಬೇರೆ ದ್ರಾವಣಗಳಲ್ಲಿ ಪ್ರಯೋಗ ಮಾಡುತ್ತ ಕೊನೆಗೆ ಬಂದು ನಿಂತದ್ದು ಅದೇ ಗ್ಲುಟರಾಲ್ಡಿಹೈಡಿನ ಬಳಿ. ಹದವಾದ ಆ ತೆಳು ಪೊರೆ ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತದೆ, ಲೋಹದ ಕವಾಟದ ಹಾಗೆ ಟಿಕ್ ಟಿಕ್ ಸದ್ದನ್ನೂ ಮಾಡದೆ. 2007ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಕುಂದಿಲ್ಲವೆಂದಲ್ಲ. ವರ್ಷಗಳು ಕಳೆದಂತೆ ಅದರ ಮೇಲೆ ಸುಣ್ಣ ಕಟ್ಟುತ್ತದೆ, ಎಳೆಯರಲ್ಲಿ ಇನ್ನೂ ಬೇಗ.

ಇಷ್ಟು ಹೊತ್ತು ಹೊಗಳಿದ್ದಾಯಿತು, ಈಗ ಮೈ ನಡುಗಿಸುವ ಒಂದು ಅಧ್ಯಾಯ. ಹಿಮೋಗ್ಲೋಬಿನ್ ನಾಲ್ಕು ತುಂಡುಗಳ ಅಣು. ಕೆಂಪು ರಕ್ತಕಣದ ಹೊರಗೆ ಬಂದರೆ ಎರಡೆರಡಾಗಿ ಒಡೆದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಒಡೆಯದಂತೆ ಕಟ್ಟಿದರೆ? ರಕ್ತದ ಗುಂಪು ನೋಡಬೇಕಿಲ್ಲದ ಬದಲಿ ರಕ್ತ! ವಿಜ್ಞಾನಿಗಳು ಗುರಿಯಿಟ್ಟು ಹೊಡೆದಂತೆ, ಅಣುವಿನ ನಡುವಿನ ಎರಡು ಲೈಸೀನುಗಳಿಗೆ ಮಾತ್ರ ಒಂದು ಕೊಂಡಿ ಹಾಕಿದರು. ಅಣು ಒಡೆಯಲಿಲ್ಲ. ಆಮ್ಲಜನಕವನ್ನು ಹಿಡಿದು ಬಿಡುವ ಹದವೂ ರಕ್ತದ ಹದಕ್ಕೆ ಹತ್ತಿರ ಬಂತು. ರಸಾಯನಶಾಸ್ತ್ರವೆಂದರೆ ಹೀಗಿರಬೇಕು ಎನಿಸುವ ಕೆಲಸ. ತೀವ್ರ ಗಾಯಗೊಂಡು ರಕ್ತ ಸೋರಿದವರ ಮೇಲೆ ಅಮೆರಿಕದಲ್ಲಿ ಪ್ರಯೋಗ ನಡೆಯಿತು. 1998ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 28 ದಿನಗಳಲ್ಲಿ, ಅದನ್ನು ಕೊಟ್ಟ 52 ಮಂದಿಯಲ್ಲಿ 24 ಜನ ತೀರಿಕೊಂಡಿದ್ದರು; ಬರೀ ಲವಣದ್ರಾವಣ ಪಡೆದ 46 ಮಂದಿಯಲ್ಲಿ 8.

ಹಿಮೋಗ್ಲೋಬಿನ್ನಿಗೆ ಆಮ್ಲಜನಕದ ಹಸಿವಿನ ಜೊತೆ ನೈಟ್ರಿಕ್ ಆಕ್ಸೈಡಿನ ಹಸಿವೂ ಇದೆ. ನಮ್ಮ ರಕ್ತನಾಳಗಳು ಸಡಿಲವಾಗಿರುವುದು ಆ ಅನಿಲದಿಂದ. ಕಣದ ಗೋಡೆಯ ಹಿಂದಿದ್ದಾಗ ಅಡಗಿದ್ದ ಆ ಹಸಿವು, ಹೊರಗೆ ಬಿಟ್ಟ ಕೂಡಲೇ ನಾಳಗಳನ್ನು ಬಿಗಿಯಿತು ಎಂಬುದೇ ಮುಖ್ಯ ಶಂಕೆ. ಕೊಂಡಿ ಸೋತಿರಲಿಲ್ಲ, ಪ್ರೊಟೀನು ಕೆಲಸ ಮರೆತಿರಲಿಲ್ಲ. ಬೇಕಾದ ಕೆಲಸದ ಜೊತೆ ಬೇಡದ್ದೂ ಉಳಿದುಕೊಂಡಿತ್ತು. ಈ ಅಂಕಿಗಳನ್ನು ಓದಿದ ಮೇಲೆ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಯೇಲ್‌ನ ಹರಳು ಕಾರ್ಖಾನೆಗೆ ಬರಲು ಮೂರು ದಶಕ ಬೇಕಾಯಿತು. 1992ರಲ್ಲಿ ನ್ಯಾನ್ಸಿ ಸೇಂಟ್ ಕ್ಲೇರ್ ಮತ್ತು ಮ್ಯಾನ್ಯುಯೆಲ್ ನಾವಿಯಾ ಕೊಂಡಿ ಹಾಕಿದ ಥರ್ಮೊಲೈಸಿನ್ ಹರಳುಗಳು ಸಾವಯವ ದ್ರಾವಕಗಳಲ್ಲೂ ತಾಳಿಕೊಂಡು ದುಡಿಯುವುದನ್ನು ತೋರಿಸಿದರು. ಆದರೆ ಹರಳುಗಟ್ಟಿಸುವುದು ತಾಳ್ಮೆಯ, ದುಬಾರಿ ಕೆಲಸ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ನಗರದ ರೋಜರ್ ಶೆಲ್ಡನ್ ತಂಡ 2000ದಲ್ಲಿ ಕೇಳಿದ ಪ್ರಶ್ನೆ ಎಷ್ಟು ಸರಳ ನೋಡಿ: ಹರಳೇ ಯಾಕೆ ಬೇಕು? ಹಾಲು ಒಡೆದು ಗಟ್ಟಿ ಬೇರೆಯಾಗುವಂತೆ, ಕಿಣ್ವವನ್ನು ಬಿಚ್ಚದಂತೆ ಹುಷಾರಾಗಿ ಉಪ್ಪಿನಿಂದ ಒಡೆಸಿ, ಆ ಗರಣೆಗೇ ಗ್ಲುಟರಾಲ್ಡಿಹೈಡ್ ಹಾಕಿದರು. ಕೆಲಸ ಮಾಡಿತು! ಅವರು ಬಳಸಿದ್ದು ಪೆನಿಸಿಲಿನ್ ಅಸೈಲೇಸ್. ಪೆನಿಸಿಲಿನ್ ಬಳಗದ ಅರೆಕೃತಕ ಔಷಧಗಳ ತಯಾರಿಕೆಯಲ್ಲಿ ಪಳಗಿದ ಕಿಣ್ವ ಅದು.

ಕೊನೆಗೆ ಮಿದುಳು. ಎಂಐಟಿಯ ಕ್ವಾಂಗ್‌ಹನ್ ಚುಂಗ್ ತಂಡ 2018ರಲ್ಲಿ 'ಶೀಲ್ಡ್' ಎಂಬ ವಿಧಾನವನ್ನು ಹೊರತಂದಿತು. ಇಲ್ಲಿ ಗ್ಲುಟರಾಲ್ಡಿಹೈಡಿಗೆ ರಜೆ. ಬದಲಿಗೆ ಎಪಾಕ್ಸಿ, ಹೌದು, ಮನೆಯಲ್ಲಿ ಮುರಿದದ್ದನ್ನು ಅಂಟಿಸುವ ಅರಾಲ್ಡೈಟಿನ ಬಳಗದ್ದೇ. ಬಳುಕುವ ಮೈ, ಎರಡಲ್ಲ ಹಲವು ಕೊಕ್ಕೆಗಳು. ಪ್ರೊಟೀನಿನ ಒಂದೇ ಅಣುವನ್ನು ಹಲವೆಡೆ ಮೆತ್ತಗೆ ಹಿಡಿದು, ಪಕ್ಕದವರ ಜೊತೆಗೂ ಬೆಸೆಯುತ್ತದೆ. ಹಸಿರು ಬೆಳಕು ಸೂಸುವ ಪ್ರೊಟೀನು ಹೊಳೆಯಬೇಕಾದರೆ ಅದರ ಪೀಪಾಯಿಯಂಥ ಮಡಿಕೆ ಒಂದಿಷ್ಟೂ ಸಡಿಲವಾಗಬಾರದು. ಅಂಥ ಪ್ರೊಟೀನಿರುವ ಇಲಿಯ ಮಿದುಳನ್ನು ಶೀಲ್ಡ್‌ನಲ್ಲಿ ಹದ ಮಾಡಿ, ಕೊಬ್ಬು ತೊಳೆದುಹೋಗಲೆಂದು ಬಿಸಿ ಸಾಬೂನಿನಂಥ ದ್ರಾವಣದಲ್ಲಿ ದಿನಗಟ್ಟಲೆ ಇಟ್ಟರು. ಗಿಣ್ಣಾಗಬೇಕಿತ್ತು. ಮಿದುಳು ಗಾಜಿನಂತೆ ತಿಳಿಯಾಯಿತು. ಅದರ ಒಳಗೆ ನರಕೋಶಗಳು, ಕವಲು ಕವಲಾಗಿ, ಹಸಿರಾಗಿ ಇನ್ನೂ ಹೊಳೆಯುತ್ತಿದ್ದವು.